ಮೈಲುತುತ್ತು, ಸುಣ್ಣ, ಒಂದು ಕತ್ತಿ: ಬೋರ್ಡೋ ಕಲಸುವವರಿಗೆ

ಮೇ ತಿಂಗಳ ಕೊನೆಗೆ ಮಲೆನಾಡಿನ ಯಾವ ಸೊಸೈಟಿಗೆ ಹೋದರೂ ಒಂದೇ ನೋಟ. ನೀಲಿ ಹರಳಿನ ಚೀಲ ಒಂದು ಕಡೆ, ಸುಣ್ಣದ ಚೀಲ ಇನ್ನೊಂದು ಕಡೆ, ನಡುವೆ ರೇಟು ಕೇಳಿ ತಲೆ ಮೇಲೆ ಕೈ ಹೊತ್ತ ನಾವು. ಅಡಿಕೆ ತೋಟ ಇದ್ದವರ ಮನೆಯಲ್ಲಿ ಮೈಲುತುತ್ತು ಎಷ್ಟು ಮಾಮೂಲಿ ಅಂದರೆ, ಅದೊಂದು ಕೈಗಾರಿಕಾ ರಾಸಾಯನಿಕ ಎನ್ನುವುದೇ ನಮಗೆ ಮರೆತುಹೋಗಿದೆ. ಅಕ್ಕಿ ಚೀಲದ ಪಕ್ಕದಲ್ಲೇ ಇಟ್ಟವರನ್ನು ನೋಡಿದ್ದೇನೆ. ಮೊದಲು ನಮ್ಮ ಮನೆಯಲ್ಲೂ ಹಾಗೇ ಇತ್ತು.

ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸಿ ಮಾಡುವ ಔಷಧಿಯೇ ಬೋರ್ಡೋ. ಈ ವರ್ಷ ಮೊದಲ ಸಲ ತಾವೇ ಅದನ್ನು ಕಲಸಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಳಬರಿಗೂ ಒಂದೆರಡು ಕಡೆ ಉಪಯೋಗಕ್ಕೆ ಬಂದೀತು.

ಇದು ಏನು, ಎಲ್ಲಿಂದ ಬಂತು

ಮೈಲುತುತ್ತು ಅಂದರೆ ಕಾಪರ್ ಸಲ್ಫೇಟ್. ಹೆಸರಿನಲ್ಲಿರುವ ಮೈಲು ನವಿಲೇ. ಸಂಸ್ಕೃತದಲ್ಲೂ ಇದು ಮಯೂರತುತ್ಥ. ಒಂದು ಕಿಲೋ ಹರಳಿನಲ್ಲಿ ಸುಮಾರು 250 ಗ್ರಾಂ ತಾಮ್ರ. ಉಳಿದದ್ದರಲ್ಲಿ ನೀರಿನ ಪಾಲೂ ಇದೆ. ಚೀಲ ತೆರೆದಿಟ್ಟಾಗ ಹರಳಿನ ಮೇಲೆ ಬಿಳಿ ಪುಡಿ ಕಂಡರೆ ಹೆದರಬೇಡಿ, ನೀರಿನಂಶ ಆರಿದೆ ಅಷ್ಟೆ. ಆದರೆ ಹರಳು ನೀಲಿ ಬಿಟ್ಟು ಹಸಿರಿಗೆ ತಿರುಗಿದ್ದರೆ ಕಬ್ಬಿಣದ ಸಲ್ಫೇಟ್ ಬೆರಕೆ ಇದೆಯೇನೋ ಎಂದು ಅನುಮಾನ ಪಡಿ. ಅಂಥದ್ದನ್ನು ಕೊಳ್ಳದಿರುವುದೇ ಒಳ್ಳೆಯದು.

ಕಾರ್ಖಾನೆಗಳಲ್ಲಿ ಇದಕ್ಕೆ ನೂರು ಕೆಲಸ. ತಾಮ್ರದ ಲೇಪ ಕೊಡಲು, ಸತುವಿನ ಅದಿರನ್ನು ಬೇರ್ಪಡಿಸಲು, ಮರಕ್ಕೆ ಗೆದ್ದಲು ಹತ್ತದಂತೆ ಮಾಡುವ ದ್ರಾವಣಕ್ಕೆ, ಕೊಳದ ಪಾಚಿ ಕೊಲ್ಲಲು, ದನದ ಗೊರಸು ಅದ್ದುವ ನೀರಿಗೆ. ಮೂತ್ರದಲ್ಲಿ ಸಕ್ಕರೆ ಇದೆಯೇ ಎಂದು ನೋಡಲು ಲ್ಯಾಬಿನಲ್ಲಿ ಕುದಿಸುತ್ತಿದ್ದ ನೀಲಿ ದ್ರಾವಣದಲ್ಲಿ ಇದ್ದದ್ದೂ ಇದೇ.

ಬೂಷ್ಟಿನ ಮೇಲೆ ತಾಮ್ರ ಕೆಲಸ ಮಾಡುತ್ತದೆ ಎನ್ನುವುದು ಫ್ರಾನ್ಸಿನಲ್ಲಿ 1807ರಲ್ಲೇ ಗೊತ್ತಾಗಿತ್ತು. ಗೋಧಿಯ ಕಾಡಿಗೆ ರೋಗದ ಬೀಜಕಣಗಳು ತಾಮ್ರ ಸೋಕಿದ ನೀರಿನಲ್ಲಿ ಮೊಳೆಯುವುದಿಲ್ಲ ಎಂದು ಪ್ರೆವೋ ಎಂಬಾತ ಕಂಡುಕೊಂಡಿದ್ದ. ಬೋರ್ಡೋ ಕಥೆ ಮಾತ್ರ ಕಳ್ಳರಿಂದ ಶುರುವಾಯಿತು. ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರು, ದಾರಿಹೋಕರು ಹಣ್ಣು ಕದಿಯದಿರಲಿ ಎಂದು ರಸ್ತೆ ಪಕ್ಕದ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣ ಬಳಿಯುತ್ತಿದ್ದರು. ವಿಷದ ಹಾಗೆ ಕಂಡರೆ ಸಾಕಿತ್ತು. 1882ರಲ್ಲಿ ಆ ದಾರಿಯಲ್ಲಿ ಹೋದ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಒಂದು ವಿಷಯ ಗಮನಿಸಿದ. ಉಳಿದ ಬಳ್ಳಿಗಳ ಎಲೆ ರೋಗದಿಂದ ಉದುರಿದ್ದರೂ ಬಳಿದ ಬಳ್ಳಿಗಳು ಹಸಿರಾಗಿದ್ದವು. 1885ರಲ್ಲಿ ಅವನು ಪಾಕವನ್ನು ಪ್ರಕಟಿಸಿದ.

ನಮ್ಮಲ್ಲಿಗೆ ಇದನ್ನು ತಂದವರು ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಅಡಿಕೆಯ ಕೊಳೆರೋಗದ ಮೇಲೆ ಅವರ ವರದಿ ಬಂದದ್ದು 1910ರಲ್ಲಿ. ಅಲ್ಲಿಯವರೆಗೆ ನಮ್ಮ ಹಿರಿಯರಿಗೆ ಗೊತ್ತಿದ್ದ ಉಪಾಯ ಕೊನೆಗೆ, ಅಂದರೆ ಅಡಿಕೆ ಗೊನೆಗೆ, ಕೊಟ್ಟೆ ಎಂಬ ಹೊದಿಕೆ ಕಟ್ಟುವುದು. ಮಳೆನೀರು ಕಾಯಿಗೆ ತಾಗದಿದ್ದರೆ ರೋಗವೂ ಇಲ್ಲ ಎಂಬ ಲೆಕ್ಕ. ಲೆಕ್ಕ ಸರಿಯೇ ಇತ್ತು. ಆದರೆ ಪ್ರತಿ ಮರ ಹತ್ತಿ ಪ್ರತಿ ಕೊನೆಗೂ ಕಟ್ಟಬೇಕಿತ್ತು.

ಒಂದು ಅಡ್ಡ ಮಾತು. ಕಾಫಿ ಗಿಡಕ್ಕೆ ಬರುವ ಕೊಳೆರೋಗ ಬೇರೆ, ಅಡಿಕೆಯದ್ದು ಬೇರೆ. ಎರಡಕ್ಕೂ ನಾವು ಒಂದೇ ಹೆಸರು ಇಟ್ಟಿದ್ದೇವೆ. ಮೈಸೂರು ಸೀಮೆಯ ಕಾಫಿಯ ಮೇಲಿದ್ದ ಆ ಬೂಷ್ಟಿಗೆ 1876ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಕುಕ್ ಲ್ಯಾಟಿನ್ ಹೆಸರು ಕೊಡುವಾಗ 'ಪೆಲ್ಲಿಕ್ಯುಲೇರಿಯ ಕೊಳೆರೋಗ' ಎಂದೇ ಇಟ್ಟರು. ನಮ್ಮ ತೋಟದ ಮಾತು ಹೀಗೆ ವಿಜ್ಞಾನದ ಪುಸ್ತಕ ಸೇರಿತು.

ಅಪಾಯ ಯಾವುದರಲ್ಲಿದೆ

ಎಲ್ಲರೂ ನೀಲಿಗೆ ಹೆದರುತ್ತಾರೆ, ಬಿಳಿಗೆ ಹೆದರುವುದಿಲ್ಲ. ನನ್ನ ಅನುಭವದಲ್ಲಿ ಔಷಧಿ ಕಲಸುವ ದಿನ ಮೊದಲು ಕೈಕೊಡುವುದು ಸುಣ್ಣ.

ಹತ್ತು ವರ್ಷದ ಹಿಂದೆ ನಾನೇ ಸುಟ್ಟ ಸುಣ್ಣದ ಬುಟ್ಟಿಗೆ ಮೇಲಿಂದ ನೀರು ಸುರಿದೆ. ಅವಸರ; ಮಳೆ ಬಿಟ್ಟಿದ್ದು ಒಂದೇ ಹೊತ್ತು. ಬುಸ್ಸೆಂದು ಕುದಿದು ಸಿಡಿಯಿತು, ಒಂದು ಹನಿ ಕಣ್ಣಿಗೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಓಡಿಬಂದು, "ಉಜ್ಬೇಡಿ ಅಣ್ಣಾ, ಉಜ್ಬೇಡಿ" ಎಂದು ಕೂಗುತ್ತಾ ನನ್ನ ತಲೆಯನ್ನು ನಲ್ಲಿ ಕೆಳಗೆ ಹಿಡಿದುಬಿಟ್ಟ. ಕಣ್ಣು ಉಳಿಯಿತು. ವಾರದ ಮಟ್ಟಿಗೆ ಜಗತ್ತೆಲ್ಲ ಮಂಜು. ಸುಣ್ಣ ಕಣ್ಣಿನ ಒಳಪದರಕ್ಕೆ ಇಳಿದು ಸುಡುತ್ತಾ ಹೋಗುತ್ತದೆ, ತೊಳೆಯುವುದು ಒಂದು ನಿಮಿಷ ತಡವಾದರೂ ನಷ್ಟ ಹೆಚ್ಚು ಎಂದು ಆಮೇಲೆ ಡಾಕ್ಟರು ಹೇಳಿದರು.

ಹಾಗಂತ ಮೈಲುತುತ್ತು ಸಾಧು ಅಲ್ಲ. ಹರಳು ಬೆವರಿದ ಚರ್ಮವನ್ನು ಕೆರಳಿಸುತ್ತದೆ, ಕಣ್ಣಿಗೆ ಬಿದ್ದರೆ ಗಾಯ ಮಾಡುತ್ತದೆ. ಹೊಟ್ಟೆಗೆ ಹೋದರೆ ಹತ್ತಿಪ್ಪತ್ತು ಗ್ರಾಂ ದೊಡ್ಡವರ ಪ್ರಾಣವನ್ನೂ ತೆಗೆಯಬಲ್ಲದು. ಎರಡೂ ಸರಿಯಾಗಿ ಬೆರೆತ ಮೇಲೆ ಸಿಗುವ ಬೋರ್ಡೋ ಇವುಗಳಷ್ಟು ಉಗ್ರವಲ್ಲ, ಏಕೆಂದರೆ ಆಗ ತಾಮ್ರ ನೀರಿನಲ್ಲಿ ಕರಗದ ರೂಪಕ್ಕೆ ಬಂದಿರುತ್ತದೆ. ಆದ್ದರಿಂದ ಹೆಚ್ಚಿನ ಎಚ್ಚರ ಬೇಕಾದದ್ದು ಕಲಸುವ ಅಂಗಳದಲ್ಲಿ. ನಾವು ಮಾಡುವುದು ತದ್ವಿರುದ್ಧ: ಹೊಡೆಯುವಾಗ ಮುಖಕ್ಕೆ ಟವೆಲ್ ಸುತ್ತುತ್ತೇವೆ, ಕಲಸುವಾಗ ಬರಿಗೈ.

ಹಿಂದಿನ ರಾತ್ರಿ

ನಮ್ಮ ಕಡೆ ಎಲ್ಲರ ಹತ್ತಿರ ಇರುವುದು 200 ಲೀಟರಿನ ಪ್ಲಾಸ್ಟಿಕ್ ಬ್ಯಾರಲ್, ಹಾಗಾಗಿ ಲೆಕ್ಕವನ್ನು ಅದಕ್ಕೇ ಹೇಳುತ್ತೇನೆ. ಅಡಿಕೆಗೆ ಬೇಕಾದದ್ದು ಶೇಕಡಾ 1ರ ದ್ರಾವಣ. 100 ಲೀಟರಿಗೆ ಮೈಲುತುತ್ತು ಒಂದು ಕಿಲೋ, ಒಳ್ಳೆಯ ಸುಣ್ಣ ಒಂದು ಕಿಲೋ. ಒಂದು ಬ್ಯಾರಲ್‌ಗೆ ಎರಡೆರಡು ಕಿಲೋ.

ಎರಡು ಕಿಲೋ ಮೈಲುತುತ್ತನ್ನು ಬಟ್ಟೆಯಲ್ಲೋ ತೆಳು ಗೋಣಿಯಲ್ಲೋ ಗಂಟು ಕಟ್ಟಿ. ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 100 ಲೀಟರ್ ನೀರು ತುಂಬಿ, ಅಡ್ಡ ಕೋಲಿಗೆ ಗಂಟು ಕಟ್ಟಿ, ನೀರಿನ ಮೇಲ್ಭಾಗದಲ್ಲಿ ಮುಳುಗುವಷ್ಟೇ ಇಳಿಬಿಡಿ. ತಳಕ್ಕೆ ಸುರಿದರೆ ಬೆಳಿಗ್ಗೆ ಅರ್ಧ ಹಾಗೇ ಕೂತಿರುತ್ತದೆ. ಕರಗಿದ ನೀಲಿ ನೀರು ಭಾರ, ಅದು ಕೆಳಗಿಳಿಯುತ್ತದೆ. ಗಂಟು ಮೇಲಿದ್ದರೆ ಸುತ್ತ ಸದಾ ಹೊಸ ನೀರು ಬರುತ್ತಿರುತ್ತದೆ. ಕೋಲಿನಿಂದ ತಿರುವುತ್ತಾ ಕೂರುವ ಕೆಲಸವಿಲ್ಲ.

ಕಬ್ಬಿಣದ ಬಕೆಟ್, ತಗಡಿನ ಡಬ್ಬ, ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ಮೈಲುತುತ್ತಿನ ನೀರು ಆ ಲೋಹವನ್ನು ತಿಂದು ತನ್ನ ತಾಮ್ರವನ್ನು ಅಲ್ಲೇ ಬಿಡುತ್ತದೆ. ಪಾತ್ರೆಯೂ ತೂತು, ಔಷಧಿಯೂ ನೀರು. ಪ್ಲಾಸ್ಟಿಕ್, ಮಣ್ಣು, ಮರ, ಸಿಮೆಂಟು ನಡೆಯುತ್ತವೆ. ಅಡಿಗೆಮನೆಯ ಬಕೆಟ್, ದನಕ್ಕೆ ಅಕ್ಕಚ್ಚು ಕೊಡುವ ಬಕೆಟ್ ಯಾವತ್ತೂ ಬೇಡ, "ಆಮೇಲೆ ಚೆನ್ನಾಗಿ ತೊಳೆದರೆ ಆಯ್ತಲ್ಲ" ಎಂದು ಯಾರು ಹೇಳಿದರೂ.

ಡ್ರಮ್ಮಿಗೆ ಮುಚ್ಚಳ ಹಾಕಿ. ರಾತ್ರಿ ದನ, ನಾಯಿ, ಕೋಳಿ ಯಾವುದೂ ಬಾಯಿ ಹಾಕಬಾರದು. ಮಕ್ಕಳಿರುವ ಮನೆಯಲ್ಲಿ ಇನ್ನೂ ಜಾಸ್ತಿ ಎಚ್ಚರ: ಹರಳು ಥೇಟ್ ಬಣ್ಣದ ಕಲ್ಲುಸಕ್ಕರೆ. ಉಳಿದ ಹರಳನ್ನು ಹಾರ್ಲಿಕ್ಸ್ ಬಾಟಲಿಗೆ, ಉಪ್ಪಿನ ಭರಣಿಗೆ ತುಂಬಿಡಬೇಡಿ. ಮೂಲ ಚೀಲದಲ್ಲೇ, ಬೀಗ ಇರುವ ಕಡೆ, ಕೈಗೆಟುಕದ ಎತ್ತರದಲ್ಲಿ ಇಡಿ.

ಸುಣ್ಣವನ್ನೂ ಹಿಂದಿನ ದಿನವೇ ಅರಳಿಸಿ. ಕಾರಣ ಎರಡು. ಅರಳುವಾಗ ಅದು ಕುದಿಯುತ್ತದೆ, ಬಿಸಿ ಸುಣ್ಣಕ್ಕೆ ಮೈಲುತುತ್ತು ಬಿದ್ದರೆ ದ್ರಾವಣ ಕಪ್ಪಾಗಿ ಕೆಡುತ್ತದೆ. ಇನ್ನೊಂದು, ಬೆಳಿಗ್ಗೆಯ ಗಡಿಬಿಡಿಯಲ್ಲಿ ಸುಣ್ಣ ಅರಳಿಸುವವನಿಗೆ ನನ್ನ ಗತಿಯೇ. ಅಗಲ ಬಾಯಿಯ ತೊಟ್ಟಿಯಲ್ಲಿ ಮೊದಲು ನೀರು ಇರಲಿ, ಅದಕ್ಕೆ ಸುಣ್ಣದ ಕಲ್ಲನ್ನು ಒಂದೊಂದಾಗಿ ಬಿಡಿ. ಸುಣ್ಣದ ರಾಶಿಗೆ ನೀರು ಸುರಿಯಬೇಡಿ. ಬಾಯಿ ಮುಚ್ಚಿದ ಡ್ರಮ್ಮಿನಲ್ಲಿ ಅರಳಿಸಬೇಡಿ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸು, ಕಾಲಿಗೆ ಗಂಬೂಟು. ಕನ್ನಡಕ ಅಂದರೆ ಓದುವ ಕನ್ನಡಕವಲ್ಲ, ಬದಿಯೂ ಮುಚ್ಚುವಂಥದ್ದು. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ.

ಸುಣ್ಣ ಹೊಸದಿರಬೇಕು. ಗಾಳಿಗೆ ಬಿಟ್ಟು ಪುಡಿಯಾದ ಹಳೆ ಸುಣ್ಣ ಅರ್ಧ ಸೀಮೆಸುಣ್ಣವೇ ಆಗಿರುತ್ತದೆ, ಅದಕ್ಕೆ ಬಲವಿಲ್ಲ. ಚಿಪ್ಪಿನ ಸುಣ್ಣ ಸಿಕ್ಕರೆ ಒಳ್ಳೆಯದು ಎಂದು ನಮ್ಮ ಕಡೆಯವರು ಹೇಳುತ್ತಾರೆ. ನಾನು ಎರಡೂ ಬಳಸಿದ್ದೇನೆ. ಹೊಸದಾಗಿರುವುದು ಮುಖ್ಯ ಅನ್ನಿಸಿತು.

ಕಲಸುವ ಬೆಳಿಗ್ಗೆ

ಅರಳಿದ ಸುಣ್ಣದ ನೀರನ್ನು ಕಲಕಿ, ಬಟ್ಟೆಯಲ್ಲೋ ಜರಡಿಯಲ್ಲೋ ಸೋಸಿ 200 ಲೀಟರಿನ ಬ್ಯಾರಲ್‌ಗೆ ಹಾಕಿ, 100 ಲೀಟರ್ ಆಗುವಷ್ಟು ನೀರು ಸೇರಿಸಿ. ಸೋಸದಿದ್ದರೆ ಮರದ ತುದಿಯಲ್ಲಿ ನಾಜಲ್ ಕಟ್ಟುತ್ತದೆ, ಆಗ ಕೊನೆಗೌಡ ಬಯ್ಯುವುದು ನಿಮ್ಮನ್ನೇ.

ಈಗ ನೀಲಿ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯಬೇಕು. ಒಬ್ಬರು ಸುರಿಯಲಿ, ಒಬ್ಬರು ಮರದ ಕೋಲಿನಿಂದ ಬಿಡದೆ ತಿರುವಲಿ. ಯಾವುದನ್ನು ಯಾವುದಕ್ಕೆ ಎನ್ನುವುದರಲ್ಲೇ ಗುಟ್ಟಿದೆ. ಮೈಲುತುತ್ತು ಸುಣ್ಣಕ್ಕೆ ಹೋಗಬೇಕು, ಸುಣ್ಣ ಮೈಲುತುತ್ತಿಗೆ ಹೋಗಬಾರದು. ತಿರುಗಾಮುರುಗಾ ಆದರೆ ಕಣಗಳು ದಪ್ಪವಾಗಿ ಬೇಗ ತಳಕ್ಕೆ ಕೂರುತ್ತವೆ. ಎರಡನ್ನೂ ಗಟ್ಟಿಯಾಗಿ ಕಲಸಿ ಆಮೇಲೆ ನೀರು ಸೇರಿಸಿದರೂ ಅದೇ ಕಥೆ. ಸರಿಯಾಗಿ ಆದ ಬೋರ್ಡೋ ಆಕಾಶನೀಲಿ, ನುಣುಪು, ಮಜ್ಜಿಗೆಯ ಹಾಗೆ ತೇಲುತ್ತಿರುತ್ತದೆ.

ಆಮೇಲೆ ಕತ್ತಿ ಪರೀಕ್ಷೆ. ಚೆನ್ನಾಗಿ ಉಜ್ಜಿ ಹೊಳೆಯುವ ಕತ್ತಿಯ ಅಲಗನ್ನು ಒಂದು ನಿಮಿಷ ದ್ರಾವಣದಲ್ಲಿ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಬಿಡಿ ತಾಮ್ರ ಇನ್ನೂ ಇದೆ, ಹುಳಿ ಜಾಸ್ತಿ. ಸುಣ್ಣದ ನೀರು ಸ್ವಲ್ಪ ಸ್ವಲ್ಪ ಸೇರಿಸಿ, ತಿರುವಿ, ಮತ್ತೆ ಅದ್ದಿ. ಕೆಂಪು ಬಾರದಿದ್ದರೆ ಆಯಿತು. ತುಕ್ಕು ಹಿಡಿದ ಕತ್ತಿ ಅದ್ದಿದರೆ ಏನೂ ಗೊತ್ತಾಗುವುದಿಲ್ಲ. ಪಿಎಚ್ ಕಾಗದ ಇದ್ದರೆ ಇನ್ನೂ ಸುಲಭ, 7 ಅಥವಾ ಸ್ವಲ್ಪ ಮೇಲೆ ತೋರಿಸಬೇಕು. ಈ ಪರೀಕ್ಷೆ ಬಿಟ್ಟವರು ಎಳೆಕಾಯಿ ಸುಟ್ಟುಕೊಂಡು ಆಮೇಲೆ ಮೈಲುತುತ್ತಿನ ಕಂಪನಿಯನ್ನು ಬಯ್ಯುತ್ತಾರೆ.

ಅಂಟು ಬೇಕೆಂದರೆ ರಾಳವನ್ನು ಕೊನೆಗೆ ಸೇರಿಸಿ. ಅದೇ ಬ್ಯಾರಲ್‌ಗೆ ಕೀಟನಾಶಕ, ಟಾನಿಕ್, ಗೊಬ್ಬರ ಎಲ್ಲವನ್ನೂ ಸುರಿಯುವ ಚಟ ಇತ್ತೀಚೆಗೆ ಬಂದಿದೆ. ಒಂದೇ ಕೂಲಿಯಲ್ಲಿ ಮೂರು ಕೆಲಸ ಎಂಬ ಆಸೆ, ಅರ್ಥವಾಗುತ್ತದೆ. ಆದರೆ ಸುಣ್ಣದ ನೀರಿನಲ್ಲಿ ಹಲವು ಕೀಟನಾಶಕಗಳು ಒಡೆದು ಕೆಲಸಕ್ಕೆ ಬಾರದಂತಾಗುತ್ತವೆ. ದುಡ್ಡು ದಂಡ.

ಕಲಸಿದ್ದು ಅದೇ ದಿನ ಮುಗಿಯಬೇಕು. ರಾತ್ರಿ ಉಳಿದ ಬೋರ್ಡೋ ಬೆಳಿಗ್ಗೆ ಕೆಸರು. ನೀಲಿ ನೀರು ಬೇರೆ, ಸುಣ್ಣದ ನೀರು ಬೇರೆ ಇದ್ದರೆ ಕಾಯುತ್ತವೆ. ಆಕಾಶ ನೋಡಿ ಒಂದೊಂದೇ ಬ್ಯಾರಲ್ ಬೆರೆಸಿ.

ಹೊಡೆಯುವಾಗ

ಕೊಳೆರೋಗ ತರುವ ಫೈಟಾಫ್ತೊರ ನೀರಿನಲ್ಲಿ ಈಜಾಡುವ ಬೀಜಕಣಗಳ ಜೀವಿ. ಮಳೆಹನಿ ಕಾಯಿಂದ ಕಾಯಿಗೆ ಜಾರುವಾಗ ಅದೂ ಜಾರುತ್ತದೆ. ಕಾಯಿಯ ಮೇಲೆ ಮೊದಲೇ ತಾಮ್ರದ ಪದರ ಇದ್ದರೆ, ಪ್ರತಿ ಮಳೆಗೂ ಅದರಿಂದ ಸ್ವಲ್ಪ ತಾಮ್ರ ಬಿಡುಗಡೆಯಾಗಿ ಬೀಜಕಣ ಸಾಯುತ್ತದೆ. ಒಳಹೊಕ್ಕ ರೋಗವನ್ನು ಬೋರ್ಡೋ ವಾಸಿ ಮಾಡುವುದಿಲ್ಲ. ಹಾಗಾಗಿ ಮೊದಲ ಸಲ ಹೊಡೆಯಬೇಕಾದದ್ದು ಮೃಗಶಿರ ಮಳೆ ಹಿಡಿಯುವ ಮುಂಚೆ. ಎರಡನೆಯದು 40–45 ದಿನಕ್ಕೆ, ಹೆಚ್ಚುಕಡಿಮೆ ಪುಷ್ಯ ಮಳೆಯ ಸುಮಾರಿಗೆ. ಮಳೆ ಬಿಡದಿದ್ದರೆ ಮೂರನೆಯದು. ಕೊನೆ ಪೂರ್ತಿ, ಹಿಂಬದಿಯೂ ನೆನೆಯಬೇಕು. ಉದುರಿದ ಕೊಳೆಕಾಯಿ ತೋಟದಲ್ಲೇ ಬಿದ್ದಿದ್ದರೆ ಅರ್ಧ ಔಷಧಿ ವ್ಯರ್ಥ, ಹೆಕ್ಕಿ ತೆಗೆಸಿ.

ಮರದ ಮೇಲಿರುವವನ ಬಗ್ಗೆ ನಾವು ಸಾಕಷ್ಟು ಯೋಚಿಸುವುದಿಲ್ಲ. ಪೋರ್ಚುಗಲ್ಲಿನಲ್ಲಿ ವರ್ಷಗಟ್ಟಲೆ ದ್ರಾಕ್ಷಿಗೆ ಬೋರ್ಡೋ ಹೊಡೆದ ಕೂಲಿಗಳ ಶ್ವಾಸಕೋಶದಲ್ಲಿ ತಾಮ್ರ ಕೂತು ಗಂಟುಗಳಾಗಿದ್ದನ್ನು ಅಲ್ಲಿನ ವೈದ್ಯರು 1969ರಲ್ಲಿ ಬರೆದರು. ಅದಕ್ಕೆ 'ದ್ರಾಕ್ಷಿತೋಟದ ಸಿಂಪಡಣೆಗಾರರ ಶ್ವಾಸಕೋಶ' ಎಂದೇ ಹೆಸರಾಯಿತು. ನಮ್ಮ ಕೊನೆಗೌಡರು ಸೀಜನ್ನಿನಲ್ಲಿ ದಿನವೂ ಒಂದೊಂದು ತೋಟ. ನಿಮಗೆ ಎರಡು ದಿನದ ಕೆಲಸ, ಅವರಿಗೆ ಎರಡು ತಿಂಗಳದ್ದು. ಹನಿ ತಡೆಯುವ ಮಾಸ್ಕು, ಕನ್ನಡಕ, ಉದ್ದ ತೋಳಿನ ಅಂಗಿ ಕೊಡಿಸುವುದು ತೋಟದವರ ಜವಾಬ್ದಾರಿ. ಗಾಳಿಗೆ ಬೆನ್ನು ಕೊಟ್ಟು ಹೊಡೆಯಲಿ. ಬೀಡಿ, ಕವಳ ಕೈ ತೊಳೆದ ಮೇಲೆ. ಮಳೆಗಾಲದಲ್ಲಿ ಮಾಸ್ಕು ಹಾಕಿದರೆ ಉಸಿರು ಕಟ್ಟುತ್ತದೆ ಎನ್ನುತ್ತಾರೆ, ನಿಜವೂ ಹೌದು. ನಡುನಡುವೆ ಬಿಡುವು ಕೊಡಿ, ಅಷ್ಟಕ್ಕೇ ಕೂಲಿ ಮುರಿಯಬೇಡಿ.

ದೋಟಿಯಲ್ಲಿ, ಅಂದರೆ ಉದ್ದ ಕೋಲಿನಲ್ಲಿ, ನೆಲದಿಂದಲೇ ಹೊಡೆಯುವವರಿಗೆ ಒಂದು ಮಾತು: ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟು ಹರಿಯುತ್ತದೆ. ಅಲ್ಯೂಮಿನಿಯಂ ಒಂದಕ್ಕೇ ಭಯ ಎಂದುಕೊಳ್ಳಬೇಡಿ. ತೋಟದ ಮೇಲೆ ಲೈನ್ ಹಾದುಹೋಗಿದ್ದರೆ ಆ ಸಾಲಿನ ಮರಗಳನ್ನು ಬಿಟ್ಟುಬಿಡಿ, ಇಲ್ಲವೇ ಲೈನ್‌ಮನ್‌ಗೆ ಹೇಳಿ ಕರೆಂಟು ತೆಗೆಸಿ ಹೊಡೆಯಿರಿ.

ಏನಾದರೂ ಆದರೆ

ಕಣ್ಣಿಗೆ ಸುಣ್ಣವೋ ಮೈಲುತುತ್ತೋ ಬಿದ್ದರೆ ಆ ಕ್ಷಣವೇ ಶುದ್ಧ ನೀರು. ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15–20 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಉಜ್ಜಬೇಡಿ. ತುಪ್ಪ, ಎದೆಹಾಲು, ಹರಳೆಣ್ಣೆ ಬೇಡ. ತೊಳೆದ ಮೇಲೆ ನೋವು ಇಲ್ಲದಿದ್ದರೂ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಕಲಸುವ ಜಾಗದಲ್ಲಿ ಒಂದು ಕೊಡ ಶುದ್ಧ ನೀರು, ಒಂದು ಚೊಂಬು ಬೇರೆ ಇಟ್ಟಿರಬೇಕು. ಒಣ ಸುಣ್ಣ ಮೈಮೇಲೆ ಬಿದ್ದರೆ ಮೊದಲು ಕೊಡವಿ, ಆಮೇಲೆ ಧಾರಾಳ ನೀರಿನಲ್ಲಿ ತೊಳೆಯಿರಿ.

ಹೊಟ್ಟೆಗೆ ಹೋಗಿದ್ದರೆ ಬಾಯಿಯಲ್ಲಿ ಲೋಹದ ರುಚಿ, ಹೊಟ್ಟೆ ಉರಿ, ನೀಲಿ-ಹಸಿರು ವಾಂತಿ. ಹಿಂದೆ ವಾಂತಿ ಮಾಡಿಸಲು ಡಾಕ್ಟರುಗಳೇ ಮೈಲುತುತ್ತು ಕೊಡುತ್ತಿದ್ದ ಕಾಲವಿತ್ತು, ಅಪಾಯ ಗೊತ್ತಾಗಿ ಕೈಬಿಟ್ಟರು. ನೀವಾಗಿ ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಸುಟ್ಟ ಅನ್ನನಾಳ ಇನ್ನೊಮ್ಮೆ ಸುಡುತ್ತದೆ. ಬಾಯಿ ಮುಕ್ಕಳಿಸಲಿ. 108ಕ್ಕೆ ಫೋನ್ ಮಾಡಿ, ಚೀಲದ ಲೇಬಲ್ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೊರಡಿ. ವಾಂತಿ ನಿಂತಿತು, ಎದ್ದು ಕೂತರು ಎಂದು ಮನೆಗೆ ಕರೆತರುವ ಆತುರ ಬೇಡ. ತಾಮ್ರ ರಕ್ತಕ್ಕೆ ಸೇರಿ ಕೆಂಪು ಕಣಗಳನ್ನು ಒಡೆಯುವುದು, ಮೂತ್ರಪಿಂಡ ಮತ್ತು ಲಿವರ್ ಕೆಡಿಸುವುದು ಆಮೇಲಿನ ದಿನಗಳಲ್ಲಿ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಕಮ್ಮಿಯಾದರೆ ತಕ್ಷಣ ಡಾಕ್ಟರಿಗೆ ಹೇಳಿ.

ಉಳಿದದ್ದು, ತೊಳೆದದ್ದು

ಈ ಭಾಗವನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಸಂಜೆ ಸುಸ್ತಾಗಿರುತ್ತದೆ, ಪಕ್ಕದಲ್ಲೇ ಹಳ್ಳ ಹರಿಯುತ್ತಿರುತ್ತದೆ, ಬ್ಯಾರಲ್ ಅಲ್ಲೇ ಉರುಳಿಸಿ ತೊಳೆದರೆ ಆಯಿತು ಅಲ್ವಾ?

ಲೆಕ್ಕ ಹಾಕಿ ನೋಡಿ. ಶೇಕಡಾ 1ರ ಬೋರ್ಡೋದ ಒಂದು ಲೀಟರಿನಲ್ಲಿ 2,500 ಮಿಲಿಗ್ರಾಂ ತಾಮ್ರ ಇರುತ್ತದೆ. ಮನುಷ್ಯರು ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂವರೆಗೆ ತಾಮ್ರ ಇರಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಲೆನಾಡಿನಂಥ ಮೆದು ನೀರಿನಲ್ಲಿ ಒಂದು ಮಿಲಿಗ್ರಾಂಗಿಂತ ಕಡಿಮೆ ಕರಗಿದ ತಾಮ್ರಕ್ಕೇ ಎಷ್ಟೋ ಜಾತಿಯ ಮೀನು ಸಾಯುತ್ತವೆ. ಅಂದರೆ ನಾವು ಕುಡಿದು ಚೆನ್ನಾಗಿರಬಹುದಾದ ನೀರಿನಲ್ಲಿ ಮೀನು ಬದುಕಲಿಕ್ಕಿಲ್ಲ. 20 ಲೀಟರಿನ ಒಂದು ಬಕೆಟ್ ಉಳಿಕೆಯಲ್ಲಿ 50 ಗ್ರಾಂ ತಾಮ್ರ. ಅದನ್ನು ಲೀಟರಿಗೆ ಒಂದು ಮಿಲಿಗ್ರಾಂ ಮಟ್ಟಕ್ಕೆ ತೆಳುಮಾಡಲು 50,000 ಲೀಟರ್ ನೀರು ಬೇಕು. ಬೋರ್ಡೋದ ತಾಮ್ರ ಪೂರ್ತಿ ಕರಗಿರುವುದಿಲ್ಲ, ನಿಜ. ಆದರೆ ಮೈಲುತುತ್ತು ಕರಗಿಸಿದ ಡ್ರಮ್ಮಿನ ತೊಳೆನೀರಿನಲ್ಲಿ ಇರುವುದೆಲ್ಲ ಕರಗಿದ್ದೇ.

ಹಾಗಾಗಿ ಬ್ಯಾರಲ್, ಪಂಪು, ಪೈಪುಗಳನ್ನು ತೋಟದೊಳಗೇ, ಹಳ್ಳ-ಬಾವಿಯಿಂದ ದೂರ ತೊಳೆಯಿರಿ. ತೊಳೆನೀರನ್ನು ಒಂದೇ ಮರದ ಬುಡಕ್ಕೆ ಸುರಿಯದೆ ಅಗಲವಾಗಿ ಚೆಲ್ಲಿ. ಬಸಿಗಾಲುವೆಗೆ ಬೇಡ, ಅದು ಕೊನೆಗೆ ಹಳ್ಳಕ್ಕೇ ಹೋಗುತ್ತದೆ. ಖಾಲಿ ಚೀಲವನ್ನು ಹರಿದುಬಿಡಿ. ನೀವು ಹರಿಯದಿದ್ದರೆ ಮುಂದಿನ ವಾರ ಯಾರೋ ಅದರಲ್ಲಿ ದನದ ಹಿಂಡಿ ತುಂಬಿರುತ್ತಾರೆ. ಔಷಧಿ ಬಿದ್ದ ಹುಲ್ಲು, ಅಡಿಕೆ ಹಾಳೆಗಳನ್ನು ಕೊಟ್ಟಿಗೆಗೆ ತರಬೇಡಿ. ಕುರಿಯನ್ನಂತೂ ಅಂಥ ತೋಟಕ್ಕೆ ಬಿಡಲೇಬೇಡಿ. ತಾಮ್ರದ ವಿಷಯದಲ್ಲಿ ದನಕ್ಕಿಂತ ಕುರಿ ಬಹಳ ಸೂಕ್ಷ್ಮ. ತಾಮ್ರ ಲಿವರಿನಲ್ಲಿ ಸದ್ದಿಲ್ಲದೆ ಸೇರುತ್ತಾ ಹೋಗಿ ಒಂದು ದಿನ ಕುರಿ ದಿಢೀರನೆ ಬೀಳುತ್ತದೆ.

ಇನ್ನು ಮಣ್ಣು. ಬೋರ್ಡೋ ಸಾವಯವ ಕೃಷಿಯವರ ಪಟ್ಟಿಯಲ್ಲೂ ಇದೆ, ಅದಕ್ಕೇ ಎಷ್ಟು ಹೊಡೆದರೂ ತೊಂದರೆ ಇಲ್ಲ ಎಂಬ ನಂಬಿಕೆ ಬೆಳೆದಿದೆ. ತಾಮ್ರ ಲೋಹ. ಅದು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ; ಮೇಲ್ಮಣ್ಣಿನಲ್ಲೇ ಕೂರುತ್ತದೆ, ಎರೆಹುಳಕ್ಕೆ ಆಗಿಬರುವುದಿಲ್ಲ. ಯುರೋಪಿನಲ್ಲಿ 2019ರಿಂದ ಹೆಕ್ಟೇರಿಗೆ ಏಳು ವರ್ಷದಲ್ಲಿ 28 ಕಿಲೋ ತಾಮ್ರಕ್ಕಿಂತ ಹೆಚ್ಚು ಹಾಕುವಂತಿಲ್ಲ, ಅಂದರೆ ವರ್ಷಕ್ಕೆ ಸರಾಸರಿ 4 ಕಿಲೋ. ನಮ್ಮ ಭಾಷೆಗೆ ತಂದರೆ ಎಕರೆಗೆ ವರ್ಷಕ್ಕೆ ಮೂರು ಬ್ಯಾರಲ್ ಚಿಲ್ಲರೆ. ನಮ್ಮ ಮಳೆ ಬೇರೆ, ಬೆಳೆ ಬೇರೆ, ಆ ಮಿತಿ ನಮಗೆ ಕಾನೂನಲ್ಲ. ಆದರೂ ನನ್ನ ತೋಟದ ಲೆಕ್ಕ ಹಾಕಿದಾಗ ಸ್ವಲ್ಪ ಗಾಬರಿಯಾಯಿತು, ಸುಳ್ಳು ಹೇಳುವುದಿಲ್ಲ. ಅವತ್ತಿನಿಂದ ಶೇಕಡಾ 1ರ ಬದಲು "ಇರಲಿ, ಸ್ವಲ್ಪ ಸ್ಟ್ರಾಂಗ್" ಎಂದು ಎರಡೂವರೆ ಕಿಲೋ ಹಾಕುವುದನ್ನು ನಿಲ್ಲಿಸಿದೆ. ರೋಗವೇನೂ ಜಾಸ್ತಿಯಾಗಲಿಲ್ಲ.

ಕಾಳುಮೆಣಸಿನ ಸೊರಗು ರೋಗಕ್ಕೂ ಇದೇ ಶೇಕಡಾ 1ರ ದ್ರಾವಣ. ಕಾಫಿಯ ಎಲೆ ತುಕ್ಕಿಗೆ ಅರ್ಧ ಸಾಕು, 0.5. ತೆಂಗಿನ ಸುಳಿಕೊಳೆಗೆ ಕೆತ್ತಿ ತೆಗೆದ ಜಾಗಕ್ಕೆ ಹಚ್ಚುವ ಬೋರ್ಡೋ ಮುಲಾಮು ಗಟ್ಟಿ: 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣ, ಒಟ್ಟು ಒಂದು ಲೀಟರ್ ನೀರು. ಅಡಿಕೆಯ ನಡುವೆ ಮೆಣಸಿನ ಬಳ್ಳಿ ಇದ್ದವರು ಎರಡನ್ನೂ ಒಂದೇ ದಿನ ಮುಗಿಸಬಹುದು, ಬ್ಯಾರಲ್ ಲೆಕ್ಕ ಮಾತ್ರ ಒಟ್ಟಿಗೇ ಬರೆಯಿರಿ.

ಬರೆಯುವುದು ಎಲ್ಲಿ ಅಂದರೆ, ಗೋಡೆಯ ಕ್ಯಾಲೆಂಡರಿನಲ್ಲಿ. ಹೊಡೆದ ತಾರೀಖಿನ ಚೌಕದಲ್ಲಿ ಎಷ್ಟು ಬ್ಯಾರಲ್ ಎಂದು ಗೀಚಿ, ಅಲ್ಲಿಂದ 40 ದಿನ ಎಣಿಸಿ ಇನ್ನೊಂದು ಗುರುತು ಹಾಕಿ. ಕೊನೆಗೌಡನಿಗೆ ಆ ತಾರೀಖನ್ನು ಇವತ್ತೇ ಹೇಳಿಬಿಡಿ. ಆ ವಾರ ಊರಿನ ಎಲ್ಲರಿಗೂ ಬೇಕಾಗುವುದು ಅವನೇ.